ಆಗುಂಬೆ ಕಡೆ ಕಪ್ಪೆ ಸಮೀಕ್ಷೆ: ಸಿದ್ಧತೆ ಹೇಗೆ?

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗೆ ಜೂನ್ ಕೊನೆಯಿಂದ ಒಂದು ತಿಂಗಳು ಕ್ಷೇತ್ರಕೇಂದ್ರದಲ್ಲಿ ಉಳಿಯಬೇಕು. ಅನುಮತಿ ಹೇಗೆ? ಏನೇನು ತರಬೇಕು?

ಉತ್ತರ 1: ಕೇಂದ್ರದವರು ಒಪ್ಪಿದ ಮಾತ್ರಕ್ಕೆ ಕಾಡಿಗೆ ಇಳಿಯೋ ಹಾಗಿಲ್ಲ, ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಪತ್ರ ಬೇರೆ ಬೇಕು. ಪ್ರಾಜೆಕ್ಟ್ ಗೈಡ್ ಸಹಿಯ ಅರ್ಜಿಯಲ್ಲಿ ಜಾಗ, ದಿನಾಂಕದ ಜೊತೆ ಕಪ್ಪೆ ಹಿಡೀತೀರೋ ಬರೀ ಎಣಿಸ್ತೀರೋ ಅಂತ ಬರೀರಿ. ಅದು ಅಸ್ಪಷ್ಟವಾದ್ರೆ ಅರ್ಜಿ ವಾಪಸ್ ಬರುತ್ತೆ. ಈಗಲೇ ಹಾಕಿ.

ಉತ್ತರ 2: ಅಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ಅದರಲ್ಲೂ ಜುಲೈ! ಪೆನ್ನಿನ ಬರಹ ಕರಗುತ್ತೆ, ಪೆನ್ಸಿಲ್ಲೇ ಸರಿ. ಕ್ಯಾಮೆರಾ, ರೆಕಾರ್ಡರ್‌ಗೆ ಗಾಳಿಯಾಡದ ಡಬ್ಬ, ಒಳಗೆ ನೀಲಿ ಸಿಲಿಕಾ ಜೆಲ್. ಗುಲಾಬಿಗೆ ತಿರುಗಿದ್ರೆ ತೇವ ತುಂಬಿದೆ ಅಂತ ಅರ್ಥ, ಸಣ್ಣ ಉರಿಯಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿಯಾಗುತ್ತೆ. ಇಂಬಳಕ್ಕೆ (ರಕ್ತ ಹೀರೋ ಜಿಗಣೆ) ಒತ್ತು ನೇಯ್ಗೆಯ, ಮೊಣಕಾಲುದ್ದದ ಕಾಲುಚೀಲ. ಮಾಮೂಲಿ ಸಾಕ್ಸ್ ಒಳಗೆ ನುಸುಳಿಬಿಡುತ್ತೆ. ಕೊಡೆ ಬಿಡಿ, ಟಾರ್ಚ್ ಹಿಡಿಯೋಕೆ ಕೈ ಬೇಕಲ್ಲ, ರೇನ್‌ಕೋಟೇ ಒಳ್ಳೇದು.

ಉತ್ತರ 3: ಕಾಲುಚೀಲ ಸರಿ, ಆದ್ರೆ ಕೈಗೆ ಸೊಳ್ಳೆ ಮುಲಾಮು, ಇಂಬಳಕ್ಕೆ ಅಂತ ಹಚ್ಚೋ ಹೊಗೆಸೊಪ್ಪು ಬೇಡ. ಕಪ್ಪೆ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತೆ. ಹಿಡಿಯೋದೇ ಆದ್ರೆ ಪ್ರತಿ ಕಪ್ಪೆಗೂ ಹೊಸ ಕೈಗವಸು. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬೂಟಿನ ಕೆಸರು ಉಜ್ಜಿ ಸೋಂಕುನಿವಾರಕದಿಂದ ತೊಳೆದು ಒಣಗಿಸಿ, ಕಪ್ಪೆಗಳ ಶಿಲೀಂಧ್ರ ರೋಗ ಹಾಗೇ ಹರಡೋದು.

ಮಂಗನ ಕಾಯಿಲೆ (ಕೆಎಫ್‌ಡಿ) ಜ್ವರ ಹರಡೋ ಉಣ್ಣೆಗಳ (ರಕ್ತ ಹೀರೋ ಹುಳ) ಕಾಟ ಜೋರಿರೋದು ಬೇಸಿಗೆ ಮುಗಿಯೋವರೆಗೆ. ಆದ್ರೂ ಜ್ವರ ಬಂದ್ರೆ ಕಾಡಲ್ಲಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.