ಸಾರ್ಕಾಯ್ಡೋಸಿಸ್: ಶ್ವಾಸಕೋಶ ತಜ್ಞರಿಗೆ ನಿಮ್ಮ ಪ್ರಶ್ನೆಗಳು

ರೇಖಾ: ನಮಸ್ಕಾರ ಮೇಡಂ. ಎದೆಯ ಸ್ಕ್ಯಾನ್‌ನಲ್ಲಿ ಎರಡೂ ಕಡೆ ದುಗ್ಧಗ್ರಂಥಿಗಳು ಊದಿವೆ. ಒಣಕೆಮ್ಮು ಬಿಟ್ಟರೆ ತೊಂದರೆಯಿಲ್ಲ. ಸಾರ್ಕಾಯ್ಡೋಸಿಸ್ ಇರಬಹುದು, ಆದರೂ ಟಿಬಿ ಮಾತ್ರೆ ಕೊಟ್ಟು ನೋಡೋಣ ಎನ್ನುತ್ತಿದ್ದಾರೆ.

ವೈದ್ಯೆ: ನಮಸ್ಕಾರ ರೇಖಾ ಅವರೇ. ಸಾರ್ಕಾಯ್ಡೋಸಿಸ್ ಎಂದರೆ ಶ್ವಾಸಕೋಶ, ದುಗ್ಧಗ್ರಂಥಿ, ಕಣ್ಣು, ಹೃದಯ ಹೀಗೆ ಹಲವೆಡೆ ಗ್ರ್ಯಾನುಲೋಮಾ, ಅಂದರೆ ಉರಿಯೂತದ ಸಣ್ಣ ಗಂಟುಗಳು ಮೂಡಬಹುದಾದ ಕಾಯಿಲೆ. ಮಾತ್ರೆ ನುಂಗುವ ಮೊದಲು ಬಯಾಪ್ಸಿ ಕೇಳಿ. ಇಬಸ್ ಎಂಬ ವಿಧಾನದಲ್ಲಿ ಶ್ವಾಸನಾಳದೊಳಗೆ ಕೊಳವೆ ಇಳಿಸಿ, ಗ್ರಂಥಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಸೂಜಿಯಿಂದ ಮಾದರಿ ತೆಗೆಯುತ್ತಾರೆ. ಗ್ರ್ಯಾನುಲೋಮಾ ಎರಡೂ ಕಾಯಿಲೆಗಳಲ್ಲಿ ಸಿಗುತ್ತದೆ. ಕ್ಷಯದಲ್ಲಿ ಅದರ ನಡುಭಾಗ ಸಾಮಾನ್ಯವಾಗಿ ಸತ್ತು ಗಿಣ್ಣಿನಂತಾಗಿರುತ್ತದೆ, ಸಾರ್ಕಾಯ್ಡೋಸಿಸ್‌ನಲ್ಲಿ ಹಾಗಾಗುವುದು ಅಪರೂಪ. ಕ್ಷಯದ ರೋಗಾಣು ಇದೆಯೇ ಎಂದು ತಿಳಿಯಲು ಅದೇ ಮಾದರಿಯನ್ನು ಜೀನ್‌ಎಕ್ಸ್‌ಪರ್ಟ್‌ಗೂ ಕಲ್ಚರ್‌ಗೂ ಕಳುಹಿಸಬೇಕು. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ನೋವಿಲ್ಲದೆಯೂ ಒಳಗೆ ಉರಿಯೂತ ಇರಬಹುದು.

ಮಹೇಶ: ನನ್ನ ರಕ್ತದಲ್ಲಿ ಎಸಿಇ ಎಂಬ ಕಿಣ್ವ ಹೆಚ್ಚಿದೆ. ಖಚಿತವಾಯಿತಲ್ಲವೇ?

ವೈದ್ಯೆ: ಇಲ್ಲ. ಬೇರೆ ಕಾಯಿಲೆಗಳಲ್ಲೂ ಹೆಚ್ಚುತ್ತದೆ.

ಬಸವರಾಜ: ಇಬಸ್‌ಗೆ ಎಷ್ಟು ಖರ್ಚಾಗುತ್ತದೆ ಮೇಡಂ?

ಶ್ರೀಕಾಂತ: ಎಲ್ಲರಿಗೂ ಉಪಯೋಗವಾಗಲಿ ಎಂದು, ಬಂದ ಸಂದೇಶವನ್ನು ಹಾಕುತ್ತಿದ್ದೇನೆ: "ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ, ದಿನವೂ ಎಳೆಬಿಸಿಲು, ಅರಿಶಿನದ ಕಷಾಯ. ಗಂಟು ತಾನಾಗಿ ಕರಗುತ್ತದೆ."

ವೈದ್ಯೆ: ದಯವಿಟ್ಟು ಯಾರೂ ಇದನ್ನು ಅನುಸರಿಸಬೇಡಿ. ಈ ಕಾಯಿಲೆಯ ಗ್ರ್ಯಾನುಲೋಮಾಗಳೇ ವಿಟಮಿನ್ ಡಿಯನ್ನು ಅದರ ಸಕ್ರಿಯ ರೂಪಕ್ಕೆ ತರುತ್ತವೆ. ಮೇಲಿಂದ ಮತ್ತಷ್ಟು ಸುರಿದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು. ಕ್ಯಾಲ್ಸಿಯಂ ಪರೀಕ್ಷಿಸದೆ ಆ ಪೊಟ್ಟಣ ಒಡೆಯಬೇಡಿ.

ಶ್ರೀಕಾಂತ: ನೀವು ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್‌ನಿಂದ ಮೂಳೆ ಸವೆಯುವುದಿಲ್ಲವೇ? ಅದನ್ನೇಕೆ ಹೇಳುವುದಿಲ್ಲ?

ವಿನಯ: ನನ್ನ ಉಸಿರು ಸರಿಹೋದದ್ದು ಸ್ಟೀರಾಯ್ಡ್‌ನಿಂದಲೇ. ಕಾಯಿಲೆ ಬಂದವರು ಮಾತನಾಡಲಿ ಬಿಡಿ.

ಶ್ರೀಕಾಂತ: ನನ್ನ ಹೆಂಡತಿಗೆ ಬಂದಿದೆ. ಅವಳ ಮುಖ ಊದಿದ್ದನ್ನು ನೋಡಿದವನು ನಾನು, ನೀವಲ್ಲ.

ಗಿರಿಜಾ: ಮೇಡಂ, ನನ್ನ ತಮ್ಮನಿಗೆ 38 ವರ್ಷ. ಸಾರ್ಕಾಯ್ಡೋಸಿಸ್ ಇದೆ, ಶ್ವಾಸಕೋಶ ಸುಧಾರಿಸಿದೆ. ಈ ವಾರ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದ. ನಾಡಿ 42. ನಿಶ್ಶಕ್ತಿ, ಎಳನೀರು ಕುಡಿಸಿ ಎಂದರು.

ವೈದ್ಯೆ: ಗಿರಿಜಾ ಅವರೇ, ಇದು ನಿಶ್ಶಕ್ತಿ ಎಂದು ಕೂರುವ ವಿಷಯವಲ್ಲ. ಈಗಲೇ ಹೃದ್ರೋಗ ತಜ್ಞರಿರುವ ಆಸ್ಪತ್ರೆಯ ತುರ್ತು ಘಟಕಕ್ಕೆ ಕರೆದೊಯ್ಯಿರಿ. ಅವರು ಗಾಡಿ ಓಡಿಸಕೂಡದು, ಒಬ್ಬರೇ ಇರಕೂಡದು. ಶ್ವಾಸಕೋಶ ಸುಧಾರಿಸಿದ್ದರೂ ಹೃದಯದಲ್ಲಿ ಗ್ರ್ಯಾನುಲೋಮಾ ಇರಬಹುದು. ಬಡಿತದ ವಿದ್ಯುತ್ ಸಂಕೇತ ಸಾಗುವ ದಾರಿಯಲ್ಲಿ ಅವು ಕುಳಿತರೆ ಸಂಕೇತ ತಡೆದು ಬಡಿತ ನಿಧಾನವಾಗುತ್ತದೆ, ಇದೇ ಹಾರ್ಟ್ ಬ್ಲಾಕ್. ಕೆಲವರಲ್ಲಿ ಬಡಿತ ಅಪಾಯಕಾರಿಯಾಗಿ ಓಡುತ್ತದೆ. ಇಸಿಜಿ ತಕ್ಷಣ ಆಗಬೇಕು, ಮಾನಿಟರ್ ಹಾಕಿಯೇ ಇಡಬೇಕು. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸರಿಯಿದೆ ಎಂದು ಮನೆಗೆ ಕಳುಹಿಸಿದರೆ ಒಪ್ಪಬೇಡಿ, ಈ ಕಾಯಿಲೆಯಲ್ಲಿ ಎಕೋ ಸಹಜವಾಗಿಯೂ ಇರಬಹುದು. ಮುಂದೆ ಹೃದಯದ ಎಂಆರ್‌ಐ, ವಿಕಿರಣಶೀಲ ಸಕ್ಕರೆ ಚುಚ್ಚಿ ತೆಗೆಯುವ ಪೆಟ್ ಸ್ಕ್ಯಾನ್ ಬೇಕಾಗುತ್ತವೆ. ಪೆಟ್‌ಗೆ ಮುನ್ನಾದಿನ ಅನ್ನ, ಇಡ್ಲಿ, ಹಣ್ಣು ಏನೂ ಕೂಡದು. ಮೊಟ್ಟೆ, ಪನೀರ್, ತುಪ್ಪದಂಥವು ಮಾತ್ರ, ಆಮೇಲೆ ಉಪವಾಸ. ಪಿಷ್ಟ ತಿಂದರೆ ಸಹಜ ಹೃದಯಸ್ನಾಯುವೂ ಸಕ್ಕರೆ ಹೀರಿ ಹೊಳೆಯುತ್ತದೆ, ಕಾಯಿಲೆಯ ಜಾಗ ಯಾವುದೆಂದು ತಿಳಿಯುವುದಿಲ್ಲ. ಪೇಸ್‌ಮೇಕರ್ ಅಥವಾ ಅಪಾಯಕಾರಿ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಸಾಧನ ಬೇಕಾಗಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಡಿ.

ಮಹೇಶ: ಎಸಿಇ 90 ಇದ್ದರೂ ಖಚಿತವಲ್ಲವೇ?

ವೈದ್ಯೆ: ಉತ್ತರಿಸಿದ್ದೇನೆ.

ಲತಾ: ಕಾಲಿನ ಮೇಲೆ ಕೆಂಪು ಗಂಟು, ಪಾದದ ಕೀಲಿನಲ್ಲಿ ಊತ, ಜ್ವರ. ಜೀವನವಿಡೀ ಮಾತ್ರೆ ತಿನ್ನಬೇಕೇ?

ವೈದ್ಯೆ: ಅದರ ಜೊತೆಗೆ ಎದೆಯ ಗ್ರಂಥಿಗಳೂ ಊದಿದ್ದರೆ ಲೋಫ್‌ಗ್ರೆನ್ ಸಿಂಡ್ರೋಮ್. ಹೆಚ್ಚಿನವರಿಗೆ ಸ್ಟೀರಾಯ್ಡ್ ಇಲ್ಲದೆಯೇ ವಾಸಿಯಾಗುತ್ತದೆ. ಎಕ್ಸ್‌ರೇ ತೆಗೆಸಿ.

ಶ್ರೀಕಾಂತ: ನೋಡಿದಿರಾ! ಔಷಧಿಯಿಲ್ಲದೆ ವಾಸಿಯಾಗುತ್ತದೆ ಎಂದು ಮೇಡಮ್ಮೇ ಒಪ್ಪಿದರು.

ವಿನಯ: ಓದಲು ಬರುತ್ತದೆಯೇ ನಿಮಗೆ? ಲತಾ ಅವರ ವಿಷಯ ಬೇರೆ.

ವೈದ್ಯೆ: ಶ್ರೀಕಾಂತ ಅವರೇ, ನನ್ನ ಮಾತನ್ನು ಕತ್ತರಿಸಿ ಹಂಚಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರು ಅದನ್ನು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಮೂಳೆಯ ಚಿಂತೆ ಸರಿಯಾದದ್ದೇ. ಡೋಸ್ ಇಳಿಸಲು ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳಿವೆ, ಚಿಕಿತ್ಸೆ ಕೊಡುತ್ತಿರುವವರನ್ನು ಕೇಳಿ. ಆ ಸಂದೇಶವನ್ನು ಇಲ್ಲಿಂದ ತೆಗೆಯಿರಿ.

ಬಸವರಾಜ: ಖರ್ಚು ಕೇಳಿದ್ದೆ ಮೇಡಂ.

ವೈದ್ಯೆ: ಗಿರಿಜಾ ಅವರೇ, ಹೊರಟಿರಾ?

ಗಿರಿಜಾ: 108 ಬಂದಿದೆ ಮೇಡಂ. ತಮ್ಮ ನಡೆದೇ ಇಳಿಯುತ್ತೇನೆ ಎನ್ನುತ್ತಿದ್ದಾನೆ.

ವೈದ್ಯೆ: ಬೇಡ. ಸ್ಟ್ರೆಚರ್‌ನಲ್ಲಿ ಇಳಿಸಲಿ. ಹಳೆಯ ಇಸಿಜಿ, ಬಯಾಪ್ಸಿ ವರದಿ ಜೊತೆಗಿರಲಿ.