‘ದಿ ಕ್ರೂಯೆಲ್ ಪ್ರಿನ್ಸ್’ ಓದಿದವರು ಯಾರಿದ್ದೀರಿ? ಅರಮನೆ ಸಂಚು ಸೂಪರ್, ಪ್ರೀತಿ ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ

ಬದಿಯಡ್ಕ_ಓದುಗಿ

ಹಾಲಿ ಬ್ಲ್ಯಾಕ್ ಬರೆದ ‘ದಿ ಕ್ರೂಯೆಲ್ ಪ್ರಿನ್ಸ್’ ಓದಿದವರು ಇಲ್ಲಿ ಯಾರಾದರೂ ಇದ್ದೀರಾ? 2018ರ ಪುಸ್ತಕ, ನನ್ನ ಕೈಗೆ ಬಂದದ್ದು ಈಗ. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವ ಚಿಕ್ಕಮ್ಮನ ಮಗಳು ರಜೆಗೆ ಬಂದವಳು "ಅಕ್ಕಾ, ಇದೊಂದು ಓದು, ಮತ್ತೆ ಮಾತಾಡುವ" ಅಂತ ಮೇಜಿನ ಮೇಲೆ ಇಟ್ಟು ಹೋದಳು. ಓದಿದೆ. ಈಗ ಮಾತಾಡುವ ಅಂದರೆ ಅವಳಿಗೆ ಪರೀಕ್ಷೆಯಂತೆ, ಅದಕ್ಕೆ ನಿಮ್ಮ ತಲೆ ತಿನ್ನಲು ಬಂದಿದ್ದೇನೆ. ಕಥೆಯ ಗುಟ್ಟುಗಳೆಲ್ಲ ಕೆಳಗೆ ಬರುತ್ತವೆ, ಓದಬೇಕೆಂದಿರುವವರು ಇಲ್ಲಿಂದಲೇ ವಾಪಸ್ ಹೋಗಿ.

ಓದಿ ಮರೆತವರಿಗೆ ಒಂದಿಷ್ಟು ನೆನಪು ಮಾಡುತ್ತೇನೆ. ಜೂಡ್ ಮತ್ತು ಟ್ಯಾರಿನ್ ಏಳು ವರ್ಷದ ಅವಳಿಗಳು, ಮನುಷ್ಯರ ಮಕ್ಕಳು. ಒಂದು ದಿನ ಮ್ಯಾಡಾಕ್ ಎಂಬ ಫೇರಿ ದಂಡನಾಯಕ ಮನೆ ಬಾಗಿಲಿಗೆ ಬಂದು ಅವರ ಅಪ್ಪ ಅಮ್ಮ ಇಬ್ಬರನ್ನೂ ಕಣ್ಣೆದುರೇ ಕೊಲ್ಲುತ್ತಾನೆ. ಅಮ್ಮ ಹಿಂದೆ ಅವನ ಹೆಂಡತಿ, ಓಡಿ ಬಂದಿದ್ದವಳು. ಅವನು ಹುಡುಕಿಕೊಂಡು ಬಂದದ್ದು ತನ್ನ ಮಗಳು ವಿವಿಯನ್ನು. ಆದರೆ ಹೆಂಡತಿಯ ಮಕ್ಕಳು ಅಂತ ಈ ಇಬ್ಬರನ್ನೂ ಎತ್ತಿಕೊಂಡು ಹೋಗಿ ಎಲ್ಫ್‌ಹೇಮ್ ಎಂಬ ಫೇರಿ ರಾಜ್ಯದಲ್ಲಿ ತನ್ನ ಮಕ್ಕಳ ಹಾಗೇ ಸಾಕುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಜೂಡ್‌ಗೆ ಒಂದೇ ಹಟ, ಈ ಆಸ್ಥಾನದಲ್ಲಿ ತನಗೂ ಒಂದು ಜಾಗ ಬೇಕು. ಹಿರಿಯ ರಾಜ ಎಲ್ಡ್ರೆಡ್ ಗದ್ದುಗೆ ಬಿಡುವವನಿದ್ದಾನೆ, ಮಕ್ಕಳೊಳಗೆ ಕತ್ತಿ ಮಸೆಯುವುದು ಶುರುವಾಗಿದೆ, ರಾಜಕುಮಾರ ಡೇನ್ ಇವಳನ್ನು ಗುಟ್ಟಾಗಿ ಬೇಹುಗಾರಿಕೆಗೆ ಇಟ್ಟುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ನನಗೆ ಪುಸ್ತಕ ಕೆಳಗಿಡಲು ಆಗಲಿಲ್ಲ. ಕೆಲಸದವಳ ವೇಷ ಹಾಕಿ ಡೇನ್‌ನ ಅಣ್ಣ ಬೇಲ್ಕಿನ್‌ನ ಮನೆಗೆ ನುಗ್ಗುವುದು, ಮೈಗೆ ಒಗ್ಗಲಿ ಅಂತ ಚೂರು ಚೂರೇ ವಿಷ ತಿನ್ನುತ್ತಾ ಬರುವುದು, ಆಮೇಲೆ ಆ ಪಟ್ಟಾಭಿಷೇಕದ ರಾತ್ರಿ! ಅನ್ನ ಇಳಿಸುವುದು ಮರೆತು ತಳ ಹಿಡಿಸಿ ಅಮ್ಮನ ಕೈಯಲ್ಲಿ ಬೈಸಿಕೊಂಡೆ.

ನನ್ನ ತಕರಾರು ಇರುವುದು ಪ್ರೀತಿಯ ಬಗ್ಗೆ. ಕಿರಿಯ ರಾಜಕುಮಾರ ಕಾರ್ಡನ್ ತನ್ನ ಪಟಾಲಂ ಕಟ್ಟಿಕೊಂಡು ಈ ಹುಡುಗಿಯರನ್ನು ನದಿಗೆ ಇಳಿಸುತ್ತಾನೆ, ಆ ನೀರಿನಲ್ಲಿ ಹಲ್ಲಿರುವ ಜಲಕನ್ಯೆಯರು ಇದ್ದಾರೆ ಅಂತ ಗೊತ್ತಿದ್ದೇ. ಪುಸ್ತಕದ ಅರ್ಧ ಭಾಗ ಇದೇ ಕಾಟ. ಆಮೇಲೆ ಅವನ ಅಣ್ಣ ಅವನಿಗೆ ಹೊಡೆಸುವುದನ್ನು ಜೂಡ್ ನೋಡುತ್ತಾಳೆ, ಒಂದು ಹಾಳೆ ತುಂಬ ಅವಳ ಹೆಸರನ್ನೇ ಗೀಚಿಟ್ಟದ್ದು ಸಿಗುತ್ತದೆ, ಅಷ್ಟಕ್ಕೆ ನಾವು "ಅಯ್ಯೋ ಪಾಪ, ಒಳಗೊಳಗೇ ಪ್ರೀತಿ ಇತ್ತು" ಅನ್ನಬೇಕಾ? ಹೀಗೆ ಕಾಟ ಕೊಡುವವನನ್ನು ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲೇ ನಾಲ್ಕು ಜನ ಹಿಡಿದು ವಿಚಾರಿಸುತ್ತಾರೆ. ಮುಂದಿನ ಎರಡು ಭಾಗದಲ್ಲಿ ಇದು ಸರಿಹೋಗುತ್ತದಾ, ಅಥವಾ ಇನ್ನೂ ಜಾಸ್ತಿ ಆಗುತ್ತದಾ? ಅದನ್ನು ಹೇಳಿ, ಆಮೇಲೆ ದುಡ್ಡು ಹಾಕುತ್ತೇನೆ.

ಕುಂಬಳೆ_ಕೇಳುಗ

ಓದಿದ್ದೇನೆ, ಮೂರೂ. ಪ್ರೀತಿಯ ವಿಷಯ ಆಮೇಲೆ, ಮೊದಲು ಸಂಚು. ಈ ಪುಸ್ತಕ ಇಷ್ಟು ಗಟ್ಟಿ ನಿಲ್ಲುವುದಕ್ಕೆ ಕಾರಣ ಒಂದೇ ಒಂದು ಕಟ್ಟಳೆ. ಫೇರಿಗಳು ಸುಳ್ಳು ಹೇಳುವ ಹಾಗಿಲ್ಲ. ಹೇಳಬಾರದು ಅಂತಲ್ಲ, ಹೇಳಲು ಆಗುವುದೇ ಇಲ್ಲ. ಕೊಟ್ಟ ಮಾತು ಮುರಿಯಲೂ ಆಗುವುದಿಲ್ಲ. ಹಾಗಂತ ಅವರು ಸತ್ಯಹರಿಶ್ಚಂದ್ರರಾ? ಅರ್ಧ ಹೇಳುತ್ತಾರೆ, ಅಡ್ಡ ಹೇಳುತ್ತಾರೆ, ಕೇಳಿದ ಪ್ರಶ್ನೆಗೆ ಬೇರೆ ಪ್ರಶ್ನೆ ಎಸೆಯುತ್ತಾರೆ. ಇಡೀ ಆಸ್ಥಾನದಲ್ಲಿ ಸುಳ್ಳು ಹೇಳಲು ಬರುವುದು ಮನುಷ್ಯರಿಗೆ ಮಾತ್ರ. ಯಾವ ಕೊರತೆಗೆ ಎಲ್ಲರೂ ಜೂಡ್‌ಳನ್ನು ಕೀಳಾಗಿ ನೋಡುತ್ತಾರೋ ಅದೇ ಅವಳ ಆಯುಧ. ಡೇನ್ ಅವಳನ್ನು ಸೇರಿಸಿಕೊಂಡದ್ದೂ ಅದಕ್ಕೇ ಅಲ್ವಾ.

ನಾನು ಸಣ್ಣವನಿರುವಾಗಿನಿಂದ ತಾಳಮದ್ದಳೆ (ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನ) ಕೇಳಿ ಬೆಳೆದವನು, ಹಾಗಾಗಿ ನನಗೆ ಇದರ ರುಚಿ ಸ್ವಲ್ಪ ಬೇರೆ. ಒಳ್ಳೆಯ ಅರ್ಥಧಾರಿ ಎದುರಿನವನ ಮಾತಿನಲ್ಲಿ ಎಲ್ಲಿ ಸಂದು ಉಂಟು ಅಂತ ಕಾಯುತ್ತಾ ಕೂತಿರುತ್ತಾನೆ, ಆ ಸಂದಿಗೆ ಬೆರಳು ಹಾಕಿದ ಕೂಡಲೇ ಸಭೆಯಲ್ಲಿ ಚಪ್ಪಾಳೆ. ಕೊನೆಯ ಭಾಗವನ್ನು ನಾನು ಹಾಗೆಯೇ ಓದಿದೆ. ಕಿರೀಟವನ್ನು ತಾನೇ ತಲೆಗೆ ಇಟ್ಟುಕೊಂಡರೆ ಆಗುವುದಿಲ್ಲ, ಅದೇ ವಂಶದ ಇನ್ನೊಬ್ಬರು ಇಡಬೇಕು. ಬೇಲ್ಕಿನ್ ಮ್ಯಾಡಾಕ್‌ನ ಜತೆ ಸೇರಿ ಪಟ್ಟಾಭಿಷೇಕಕ್ಕೆ ಬಂದ ತನ್ನವರನ್ನೇ ಕತ್ತರಿಸಿ ಹಾಕಿದ, ಈಗ ತನಗೆ ಕಿರೀಟ ಇಡುವವರು ಯಾರು? ಉಳಿದವನು ಕಾರ್ಡನ್. ಅವನು ಸಿಕ್ಕಿಬಿದ್ದದ್ದು ಜೂಡ್ ಕೈಗೆ. ಒಂದು ವರ್ಷ ಮತ್ತು ಒಂದು ದಿನ ತಾನು ಹೇಳಿದ ಹಾಗೆ ಕೇಳಬೇಕು ಅಂತ ಅವನಿಂದ ಮಾತು ತೆಗೆದುಕೊಳ್ಳುತ್ತಾಳೆ. ಅವನು ಅಂದುಕೊಂಡದ್ದು ತಾನು, ಮ್ಯಾಡಾಕ್ ಮನೆಯಲ್ಲಿ ಬೆಳೆಯುತ್ತಿರುವ ಡೇನ್‌ನ ಗುಟ್ಟಿನ ಮಗ ಪುಟ್ಟ ಓಕ್‌ನ ತಲೆಗೆ ಕಿರೀಟ ಇಟ್ಟು ಪಾರಾಗುತ್ತೇನೆ ಅಂತ. ಇವಳು ಓಕ್‌ನ ಕೈಯಿಂದ ಕಾರ್ಡನ್‌ಗೇ ಕಿರೀಟ ಇಡಿಸುತ್ತಾಳೆ! ರಾಜನೂ ಅವನೇ, ಮಾತಿಗೆ ಕಟ್ಟುಬಿದ್ದವನೂ ಅವನೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನ ಪಟ್ಟಾಭಿಷೇಕ ಪ್ರಸಂಗದಲ್ಲಿ ದಶರಥ ಸಿಕ್ಕಿಬೀಳುವುದೂ ಹೀಗೆಯೇ, ಯಾವತ್ತೋ ಕೊಟ್ಟ ಮಾತಿಗೆ. ನಮ್ಮ ಕುಂಬಳೆಯವನನ್ನು ಎಲ್ಲಿ ತಂದು ಎಲ್ಲಿಗೆ ಸೇರಿಸಿದೆ ಅಂತ ನಗಬೇಡಿ ಮಾರಾಯ್ರೆ, ರಾಜಕೀಯ ಒಂದೇ.

ಇನ್ನು ಪ್ರೀತಿ. ಎರಡನೇ ಭಾಗದಲ್ಲಿ ಅವನು ಇವಳ ಅಪ್ಪಣೆ ಮೀರುವ ಹಾಗಿಲ್ಲ, ಇವಳು ಅವನನ್ನು ನಂಬುವ ಹಾಗಿಲ್ಲ. ಪ್ರೀತಿ ಹುಟ್ಟುವುದು ಅಲ್ಲಿ. ಮೊದಲನೆಯದರಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ, ಅದು ಪೀಠಿಕೆ ಅಷ್ಟೆ.

ಪೆರ್ಲ_ಟೀಚರ್

ಪೀಠಿಕೆ ಅಂದುಬಿಟ್ಟರೆ ಮುಗಿಯಿತಾ? ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಇದನ್ನು ಓದುವವರು ಹೆಚ್ಚಾಗಿ ಹದಿನೈದು ಹದಿನಾರರ ಹುಡುಗಿಯರು. ಹಿಂಸೆ ಕೊಡುವ ಹುಡುಗನಿಗೆ ಮನೆಯಲ್ಲಿ ಕಷ್ಟ ಇರುವುದು ನಿಜವೇ ಇರಬಹುದು, ನಾನು ಅಂಥವರನ್ನು ಕ್ಲಾಸಿನಲ್ಲಿ ನೋಡಿದ್ದೇನೆ, ಪಾಪ ಅನ್ನಿಸುತ್ತದೆ. ಪಾಪ ಅನ್ನಿಸುವುದು ಬೇರೆ, ಅವನಿಗೆ ಮನಸ್ಸು ಕೊಡುವುದು ಬೇರೆ. ಈ ಪುಸ್ತಕ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ ಅನ್ನುವುದು ನನ್ನ ದೂರು. ಓದಬೇಡಿ ಅನ್ನುವುದಿಲ್ಲ. ನನ್ನ ಮಗಳು ಓದಿದಳು, ನಾನೂ ಓದಿದೆ, ಊಟ ಮಾಡುತ್ತಾ ಇಬ್ಬರೂ ಜಗಳ ಆಡಿದೆವು. ಅವಳು ಕಾರ್ಡನ್ ಪಕ್ಷ.

ಒಂದು ಒಳ್ಳೆಯ ಮಾತೂ ಹೇಳಬೇಕು. ಜೂಡ್ ಯಾರಿಗೂ ಕಮ್ಮಿ ಇಲ್ಲ. ಕಾರ್ಡನ್ ಪಟಾಲಂನ ವಲೇರಿಯನ್ ಅವಳಿಗೆ ಫೇರಿ ಹಣ್ಣು ತುರುಕಿ ಅವಮಾನ ಮಾಡುವ ಅಧ್ಯಾಯ ಓದುವಾಗ ನನಗೆ ಕೈ ನಡುಗಿತು. ಆದರೂ ಆಮೇಲೆ ಅವಳು ಮೂಲೆಯಲ್ಲಿ ಕೂತು ಅಳುತ್ತಾ ಇರುವುದಿಲ್ಲ. ಅದು ಹಿಡಿಸಿತು.

ಉಪ್ಪಳ_ಓದು

ಎಲ್ಲರೂ ಕಾರ್ಡನ್ ಕಾರ್ಡನ್ ಅಂತೀರಿ, ಆ ಪುಸ್ತಕದಲ್ಲಿ ನಿಜವಾಗಿ ಕ್ರೂರವಾಗಿ ನಡೆದುಕೊಂಡದ್ದು ಯಾರು ಹೇಳಿ? ಕಾರ್ಡನ್‌ನ ಗೆಳೆಯ ಲಾಕ್. ಮತ್ತೆ ಟ್ಯಾರಿನ್.

ಕಾರ್ಡನ್ ದ್ವೇಷ ಮಾಡಿದರೆ ಮುಖದ ಮೇಲೆ ಮಾಡುತ್ತಾನೆ. ಲಾಕ್ ಸಿಹಿ ಮಾತಾಡುತ್ತಾನೆ, ಔತಣಕ್ಕೆ ಕರೆಯುತ್ತಾನೆ, ಮುತ್ತು ಕೊಡುತ್ತಾನೆ, ಮತ್ತು ಅದೇ ಹೊತ್ತಿಗೆ ಅವಳ ಅವಳಿ ಸಹೋದರಿಗೆ ಮದುವೆಯ ಮಾತು ಕೊಟ್ಟಿರುತ್ತಾನೆ, ಅದೂ ಸುಮ್ನೆ ಒಂದು ಆಟ ನೋಡುವುದಕ್ಕೆ. ಟ್ಯಾರಿನ್‌ಗೆ ಎಲ್ಲ ಗೊತ್ತು! ತನ್ನ ಪ್ರೀತಿಗೆ ಇದು ಪರೀಕ್ಷೆ ಅಂತ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ, ಜೂಡ್ ಅವನ ಮನೆಗೆ ಹೋಗಿ ಬರುವುದನ್ನು ನೋಡುತ್ತಾ. ನದಿಯಲ್ಲಿ ಕೈ ಹಿಡಿದು ನಿಂತ ಅವಳಿಗಳು ಇವರೇನಾ ಅನ್ನಿಸಿತು. ಅವರಿಬ್ಬರೂ ಕತ್ತಿ ಹಿಡಿದು ಎದುರು ಬದುರು ನಿಲ್ಲುವ ಭಾಗವನ್ನು ನಾನು ರೈಲಿನಲ್ಲಿ ಓದಿದೆ, ಮಂಜೇಶ್ವರ ದಾಟಿದ್ದು ಗೊತ್ತೇ ಆಗಲಿಲ್ಲ.

ಬದಿಯಡ್ಕದ ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಆ ಆಸ್ಥಾನದಲ್ಲಿ ಒಳ್ಳೆಯ ಮಾತಿಗೆ ಬೆಲೆಯೇ ಇಲ್ಲ, ಒಳ್ಳೆಯ ಮಾತಾಡಿದವರೆಲ್ಲ ಕೈಕೊಟ್ಟವರು. ಹಾಗಿರುವಾಗ ಜೂಡ್‌ಗೆ ಮೊದಲಿನಿಂದ ಮುಖವಾಡ ಇಲ್ಲದವನೇ ಹತ್ತಿರ ಅನ್ನಿಸಿದ್ದರಲ್ಲಿ ಅಚ್ಚರಿ ಏನು? ಟೀಚರ್ ಒಪ್ಪುವುದಿಲ್ಲ ಅಂತ ಗೊತ್ತು. ಒಪ್ಪಬೇಡಿ, ಆದರೆ ಇದು ಅವಳ ಲೆಕ್ಕ, ನಮ್ಮ ಲೆಕ್ಕ ಅಲ್ಲ.

ಪೆರ್ಲ_ಟೀಚರ್

ಒಪ್ಪುವುದಿಲ್ಲ. 🙂 ಟ್ಯಾರಿನ್ ವಿಷಯ ಮಾತ್ರ ನೂರಕ್ಕೆ ನೂರು.

ಬದಿಯಡ್ಕ_ಓದುಗಿ

ಟ್ಯಾರಿನ್ ಹೆಸರು ಎತ್ತಬೇಡಿ, ಸಿಟ್ಟು ಬರುತ್ತದೆ. ನನಗೂ ತಂಗಿ ಇದ್ದಾಳೆ.

ಇನ್ನೊಂದು ಕೇಳಬೇಕಿತ್ತು. ಇವರು ಊಟಕ್ಕೆಲ್ಲ ಉಪ್ಪು ಉದುರಿಸಿಕೊಳ್ಳುತ್ತಾರೆ, ಕುತ್ತಿಗೆಗೆ ಯಾವುದೋ ಹಣ್ಣಿನ ಸರ ಹಾಕುತ್ತಾರೆ, ಬಟ್ಟೆ ತಿರುಗಾ ಮುರುಗಾ ಹಾಕುತ್ತಾರೆ. ಇದೆಲ್ಲ ಲೇಖಕಿಯ ಕಲ್ಪನೆಯಾ ಅಥವಾ ಅವರ ಕಡೆ ನಿಜವಾಗಿ ಇಂಥ ನಂಬಿಕೆ ಇದೆಯಾ?

ಮುಳ್ಳೇರಿಯ_ಮಾಣಿ

ಇದು ನನ್ನ ವಿಷಯ, ಹಾಗಾಗಿ ಸ್ವಲ್ಪ ಉದ್ದ ಆದರೆ ಬೈಯಬೇಡಿ.

ಎಲ್ಲ ಹಳೆಯ ನಂಬಿಕೆಗಳೇ, ಬ್ರಿಟನ್ ಮತ್ತು ಐರ್ಲೆಂಡ್ ಕಡೆಯವು. ರೆಕ್ಕೆ ಕಟ್ಟಿಕೊಂಡು ಕೋಲು ಹಿಡಿದ ಪುಟಾಣಿ ಫೇರಿ ನಮಗೆ ಮಕ್ಕಳ ಪುಸ್ತಕದಿಂದ ಬಂದದ್ದು. ಹಳ್ಳಿಯವರ ಫೇರಿಗಳು ಹಾಗಲ್ಲ, ಜನ ಅವುಗಳ ಹೆಸರು ಹೇಳಲೂ ಹೆದರಿ "ಒಳ್ಳೆಯವರು" ಅಂತ ಕರೆಯುತ್ತಿದ್ದರು. ಮಗು ಕದಿಯುತ್ತವೆ, ದಾರಿ ತಪ್ಪಿಸುತ್ತವೆ, ಅವರ ಊಟ ಉಂಡರೆ ವಾಪಸ್ ಬರುವುದಿಲ್ಲ. ಅದಕ್ಕೆ ತಡೆ ಕಬ್ಬಿಣ, ಉಪ್ಪು, ರೋವನ್ ಮರದ ಕೆಂಪು ಹಣ್ಣು. ದಾರಿ ತಪ್ಪಿದರೆ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಬೇಕು. ವಿವಿ ಕಾಡುಗಿಡದ ಕಡ್ಡಿಯನ್ನು ಕುದುರೆ ಮಾಡಿ ತಂಗಿಯರನ್ನು ಮನುಷ್ಯರ ಊರಿಗೆ ಹಾರಿಸಿಕೊಂಡು ಹೋಗುತ್ತಾಳಲ್ಲ, ರಾಗ್‌ವರ್ಟ್ ಗಿಡ, ಅದೂ ಅಲ್ಲಿನ ಹಳೆಯ ನಂಬಿಕೆಯೇ. ಹಾರಿ ಹೋಗಿ ಇಳಿಯುವುದು ಶಾಪಿಂಗಿಗೆ, ಆ ಭಾಗ ನನಗೆ ಬಹಳ ಖುಷಿ ಕೊಟ್ಟಿತು.

ಮ್ಯಾಡಾಕ್ ಯಾರು ಗೊತ್ತಾ? ರೆಡ್‌ಕ್ಯಾಪ್. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಕಥೆಗಳಲ್ಲಿ ಬರುವ ಜಾತಿ, ಹಾಳುಬಿದ್ದ ಕೋಟೆಗಳಲ್ಲಿ ಇರುತ್ತಾನೆ, ಕೊಂದವರ ರಕ್ತದಲ್ಲಿ ಟೊಪ್ಪಿ ಅದ್ದಿ ಕೆಂಪು ಮಾಡುತ್ತಾನೆ. ಗಡಿಯಲ್ಲಿ ಜಗಳ ಜಾಸ್ತಿ, ಕೋಟೆ ಜಾಸ್ತಿ, ಹಾಗಾಗಿ ಅಲ್ಲಿನ ಭೂತಕ್ಕೂ ರಕ್ತ ಜಾಸ್ತಿ ಬೇಕು ಅನ್ನಿಸುತ್ತದೆ. ಗಡಿಯವರಿಗೆ ಗಡಿಯವರ ಮೇಲೆ ಸ್ವಲ್ಪ ಅಭಿಮಾನ ಇರಲಿ.

ನಮ್ಮ ಕಡೆಗೆ ಬಂದರೆ ಯಕ್ಷಿ. ಶಾಲೆಯಲ್ಲಿ ಮಲಯಾಳಿ ಗೆಳೆಯರು ಹೇಳುತ್ತಿದ್ದ ಕಥೆ, ಪಾಲೆ ಮರದ ಕೆಳಗೆ ನಿಂತು ಸುಣ್ಣ ಕೇಳುವ ಚೆಲುವೆ. ಅವಳನ್ನು ಕಟ್ಟಿಹಾಕುವುದೂ ಮರಕ್ಕೆ ಕಬ್ಬಿಣದ ಮೊಳೆ ಹೊಡೆದು! ಇಲ್ಲಿಯೂ ಕಬ್ಬಿಣ, ಅಲ್ಲಿಯೂ ಕಬ್ಬಿಣ. ಯಾರು ಯಾರಿಂದ ಕಲಿತರು ಅನ್ನುವ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಚೆಂದ ಇರುವುದೆಲ್ಲ ಕೇಡು ಮಾಡುತ್ತದೆ ಅನ್ನುವ ಹೆದರಿಕೆ ಎರಡೂ ಕಡೆ ಇದೆ, ಅದು ಗೊತ್ತಿರುವ ನಮ್ಮವರಿಗೆ ಕಾರ್ಡನ್ ಅಷ್ಟು ಹೊಸಬ ಅಲ್ಲ. ಅವನಿಗೆ ಬಾಲ ಬೇರೆ ಇದೆ.

ಕುಂಬಳೆ_ಕೇಳುಗ

ಮಾಣಿ ಮ್ಯಾಡಾಕ್ ಹೆಸರು ಎತ್ತಿದ್ದು ಒಳ್ಳೆಯದಾಯಿತು, ಅವನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಮೊದಲ ಭಾಗದ ದೊಡ್ಡ ಪ್ರೀತಿ ಅಂದರೆ ಅವನದ್ದು ಮತ್ತು ಜೂಡ್‌ಳದ್ದು. ಹೆತ್ತವರನ್ನು ಕೊಂದವನು, ಅವನೇ ಕತ್ತಿ ಹಿಡಿಯಲು ಕಲಿಸಿದವನು, ಯುದ್ಧದ ತಂತ್ರ ಹೇಳಿಕೊಟ್ಟವನು. ದ್ವೇಷ ಮಾಡಬೇಕು ಅಂತ ಅವಳಿಗೆ ಗೊತ್ತು, ಪೂರ್ತಿ ಮಾಡಲು ಆಗುವುದಿಲ್ಲ. ಕೊನೆಗೆ ಇಬ್ಬರೂ ಕತ್ತಿ ಎತ್ತಿದಾಗ ಅವನು ತಡವರಿಸುತ್ತಾನೆ, ಕುಡಿದ ದ್ರಾಕ್ಷಾರಸದಲ್ಲಿ ವಿಷ. ನಾನು ಯಾವ ಲೋಟ ತೆಗೆದುಕೊಳ್ಳುತ್ತೇನೆ ಅಂತ ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳುತ್ತಾನೆ. ಗೊತ್ತಿರಲಿಲ್ಲ, ಎರಡಕ್ಕೂ ಹಾಕಿದ್ದೆ ಅನ್ನುತ್ತಾಳೆ. ಚೂರು ಚೂರು ವಿಷ ತಿಂದದ್ದು ಕೆಲಸಕ್ಕೆ ಬಂದದ್ದು ಅಲ್ಲಿ! ಸೋತರೂ ಅವನಿಗೆ ಒಳಗೊಳಗೇ ಮಗಳ ಬಗ್ಗೆ ಹೆಮ್ಮೆ ಅನ್ನಿಸೀತು ಅಂತ ಆ ಹೊತ್ತಿನಲ್ಲೂ ಅವಳ ಮನಸ್ಸಿಗೆ ಬರುತ್ತದಲ್ಲ, ಆ ಒಂದು ಸಾಲಿಗೆ ನಾನು ಪುಸ್ತಕವನ್ನು ಇಟ್ಟುಕೊಂಡಿದ್ದೇನೆ, ಯಾರಿಗೂ ಕೊಡುವುದಿಲ್ಲ.

ಉಪ್ಪಳ_ಓದು

ಮುಂದೆ ಓದಬೇಕಾ ಅನ್ನುವುದಕ್ಕೆ ನೇರ ಉತ್ತರ ಯಾರೂ ಕೊಡಲಿಲ್ಲ. ‘ದಿ ವಿಕೆಡ್ ಕಿಂಗ್’ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಮೂರರಲ್ಲಿ ಅದೇ ಮೇಲು. ಕೊನೆಯ ಹತ್ತು ಪುಟದಲ್ಲಿ ಜೂಡ್‌ಗೆ ಒಂದು ಪೆಟ್ಟು ಬೀಳುತ್ತದೆ, ಅವಳು ಮಾಡಿದ ಹಾಗೆಯೇ ಮಾತಿನ ಸಂದಿಯಲ್ಲಿ. ಮೂರನೆಯದು ‘ದಿ ಕ್ವೀನ್ ಆಫ್ ನಥಿಂಗ್’, ಎರಡೂ 2019ರಲ್ಲೇ ಬಂದವು. ಮೂರನೆಯದರಲ್ಲಿ ಒಂದು ಶಾಪ ಬಂದು ಸಂಚನ್ನೆಲ್ಲ ನುಂಗಿಬಿಡುತ್ತದೆ. ಅಷ್ಟು ಹೆಣೆದ ರಾಜಕೀಯಕ್ಕೆ ಅಷ್ಟು ಸಲೀಸಾಗಿ ಗಂಟು ಹಾಕಿದ್ದು ನನಗೆ ಸರಿ ಕಾಣಲಿಲ್ಲ. ಪ್ರೀತಿ ಬೇಕಾದವರಿಗೆ ಮಾತ್ರ ಹಬ್ಬ.

ಬದಿಯಡ್ಕ_ಓದುಗಿ

ಎರಡನೆಯದು ತರಿಸುತ್ತೇನೆ. ಮೂರನೆಯದಕ್ಕೆ ದುಡ್ಡು ಹಾಕುವುದಿಲ್ಲ, ಉಪ್ಪಳದವರ ಹತ್ತಿರ ಇದ್ದರೆ ಓದಿ ವಾಪಸ್ ಕೊಡುತ್ತೇನೆ. ಕುಂಬಳೆಯವರ ಹತ್ತಿರ ಕೇಳುವ ಧೈರ್ಯ ಇಲ್ಲ.

ಉಪ್ಪಳ_ಓದು

ನನ್ನದು ಟೀಚರ ಮಗಳ ಹತ್ತಿರ ಇದೆ ಮಾರಾಯ್ತಿ, ಪೆರ್ಲದಲ್ಲೇ ವಿಚಾರಿಸಿ.