ಅಭ್ಯರ್ಥಿಗಳ ಅಫಿಡವಿಟ್ ಹಂಚಿದರೆ ಒಂದು ವೋಟಾದರೂ ಬದಲಾಗುತ್ತಾ?

ತೆಂಗಿನತೋಟ: ಎಲೆಕ್ಷನ್ ಬಂತು ಅಂದರೆ, ಅಭ್ಯರ್ಥಿಗಳು ತಮ್ಮ ಕೇಸು, ಆಸ್ತಿ ಬರೆದುಕೊಡುವ ಅಫಿಡವಿಟ್ ನೋಡಿ ಎಡಿಆರ್ ಅನ್ನೋ ಸಂಸ್ಥೆ ಮಾಡಿದ ವರದಿ ಪೇಪರಲ್ಲಿ ಬರುತ್ತೆ. ಇಷ್ಟು ಜನರ ಮೇಲೆ ಕೇಸು, ಇಷ್ಟು ಜನ ಕೋಟ್ಯಧಿಪತಿಗಳು ಅಂತ. 2004ರಲ್ಲಿ ಗೆದ್ದ ಸಂಸದರಲ್ಲಿ ಶೇ. 24 ಮಂದಿ ಮೇಲೆ ಕೇಸಿತ್ತು, 2024ರಲ್ಲಿ ಶೇ. 46! ಇಪ್ಪತ್ತು ವರ್ಷ ಲೆಕ್ಕ ಕೊಟ್ಟಿದ್ದಕ್ಕೆ ಇದೇನಾ ಫಲ? ಈ ವಿವರ ಜನರಿಗೆ ಹಂಚಿದವರು ಯಾರಾದರೂ ಇದ್ದರೆ ಹೇಳಿ.

ಸಂತೆಪೇಟೆ: 2023ರ ವಿಧಾನಸಭೆ ಚುನಾವಣೆಯಲ್ಲಿ ನಾವು ನಾಲ್ಕು ಜನ ಮಾಡಿದ್ದೆವು. ಎಡಿಆರ್‌ನವರ ಮೈನೇತಾ ಸೈಟಿನಿಂದ ನಮ್ಮ ಕ್ಷೇತ್ರದ ಅಭ್ಯರ್ಥಿಗಳ ವಿವರ ತೆಗೆದು ಒಂದೇ ಹಾಳೆಗೆ ಇಳಿಸಿದೆವು. ಕೆಳಗೆ ಮುದ್ರಕರ, ಪ್ರಕಾಶಕರ ಹೆಸರು-ವಿಳಾಸ ಹಾಕಲೇಬೇಕು, ಕಾನೂನು. ಹೆಸರು ಹಾಕಬೇಕು ಅಂದ ಕೂಡಲೇ ಮೊದಲ ಪ್ರೆಸ್ಸಿನವರು "ಬೇಡ ಸಾರ್" ಅಂದುಬಿಟ್ಟರು.

ಸಂತೆಯಲ್ಲಿ ವೀಳ್ಯದೆಲೆ ಮಾರುವ ಅಜ್ಜನಿಗೆ ಓದಿ ಹೇಳಿದೆ. ಒಬ್ಬ ಅಭ್ಯರ್ಥಿಯ ಮೇಲಿನ ಕೇಸುಗಳ ಸಂಖ್ಯೆ ಕೇಳಿ ನಕ್ಕ. "ಕೇಸಿದ್ರೇನು? ಸ್ಟೇಷನ್ ಮೆಟ್ಲು ಹತ್ತಿದೋನಿಗೆ ನಮ್ ಪರ ಮಾತಾಡಕ್ಕೆ ಧೈರ್ಯ ಇರ್ತದೆ ಕಣಪ್ಪ." ತಪ್ಪು ನಮ್ಮದೂ ಇತ್ತು. ಧರಣಿ ಕೂತ ಕೇಸು, ಹೊಡೆದಾಟದ ಕೇಸು ಎಲ್ಲ ಸೇರಿಸಿ ಬರೀ ಸಂಖ್ಯೆ ಬರೆದಿದ್ದೆವು.

ಆಮೇಲೆ ಅದೇ ಅಭ್ಯರ್ಥಿಯ ಆಸ್ತಿಯ ಸಾಲಿಗೆ ಬಂದೆ. 2018ರಲ್ಲಿ ಇಷ್ಟು, ಈಗ ಇಷ್ಟು. ಎಲೆ ಎಣಿಸುತ್ತಿದ್ದ ಕೈ ನಿಂತಿತು. "ಐದೇ ವರ್ಷಕ್ಕಾ? ಇನ್ನೊಂದ್ಸಲ ಓದು." ಪಕ್ಕದ ಟೊಮ್ಯಾಟೊ ಹೆಂಗಸನ್ನೂ ಕರೆದ.

ರಿಸಲ್ಟ್ ಆದ ಮೇಲೆ ಕೇಳಿದೆ, ಯಾರಿಗೆ ಹಾಕಿದೆ ಅಜ್ಜ ಅಂತ. "ಅವನಿಗೇ. ನಮ್ಮೋನಲ್ವಾ."

ರಾಜಾಜಿನಗರದ ರಾಯರು: ಒಂದು ಮಾತು. 2004ಕ್ಕೆ ಮುಂಚೆ ಶೇಕಡ ಎಷ್ಟಿತ್ತು ಅಂತ ಹೇಳೋಕೆ ಅಫಿಡವಿಟ್ಟೇ ಇರಲಿಲ್ಲ. 1999ರಲ್ಲಿ ಅಹಮದಾಬಾದ್ ಐಐಎಂನ ಪ್ರೊಫೆಸರ್‌ಗಳು ಎಡಿಆರ್ ಕಟ್ಟಿ ಕೋರ್ಟಿಗೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟು ಮತದಾರನಿಗೆ ಅಭ್ಯರ್ಥಿಯ ಬಗ್ಗೆ ತಿಳಿಯುವ ಹಕ್ಕಿದೆ ಅಂದಿತು. ಪಕ್ಷಗಳೆಲ್ಲ ಸೇರಿ ಕಾಯ್ದೆ ತಿದ್ದಿ ತಪ್ಪಿಸಿಕೊಳ್ಳೋಕೆ ನೋಡಿದವು, 2003ರಲ್ಲಿ ಕೋರ್ಟು ಅದನ್ನೂ ಹೊಡೆದುಹಾಕಿತು. ಪಕ್ಷಗಳಿಗೆ ಹೆಸರು ಹೇಳದೆ ದೇಣಿಗೆ ಕೊಡುವ ಚುನಾವಣಾ ಬಾಂಡ್ 2024ರ ಫೆಬ್ರವರಿಯಲ್ಲಿ ರದ್ದಾದ ಕೇಸಿನಲ್ಲೂ ಇವರೇ ಅರ್ಜಿದಾರರು. ನನ್ನ ಪ್ರಕಾರ ಇವರ ಕೆಲಸ ಬೂತಿಗಿಂತ ಕೋರ್ಟಲ್ಲೇ ಜಾಸ್ತಿ ನಡೆದಿದೆ.

ತೆಂಗಿನತೋಟ: ಸಂತೆಪೇಟೆಯವರೇ, ಆ ಹಾಳೆ ಇಲ್ಲಿ ಹಾಕ್ತೀರಾ?

ಸಂತೆಪೇಟೆ: ಹೆಸರು ತೆಗೆದು ಖಾಲಿ ನಮೂನೆ ಹಾಕುತ್ತೇನೆ. ಈ ಸಲ ಆಸ್ತಿಯ ಸಾಲು ಮೇಲೆ, ದಪ್ಪ ಅಕ್ಷರದಲ್ಲಿ. ಅಜ್ಜನಿಗೆ ಕನ್ನಡಕ ಇಲ್ಲ.